ಹೊಸ ವಾಚಿಗೆ ಹಳೆಯ ಮುಖ

ಕಳೆದ ವರ್ಷ ಐದು ತಿಂಗಳ ಫೆಲೋಶಿಪ್ ಒಟ್ಟಿಗೆ ಬಂತು. ಮೆಸ್ ಬಾಕಿ, ಊರಿಗೆ ಕಳಿಸಬೇಕಾದದ್ದು, ಗೆಳತಿಯಿಂದ ತೆಗೆದುಕೊಂಡಿದ್ದ ಕೈಸಾಲ ಎಲ್ಲ ಕಳೆದು ಕೈಯಲ್ಲಿ 15 ಸಾವಿರ ಉಳಿಯಿತು. ಇದನ್ನು ಯಾವ ಪುಸ್ತಕಕ್ಕೂ ಹಾಕುವುದಿಲ್ಲ, ಒಂದು ವಾಚು ಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ. ಸೆಲ್ ಹಾಕುವ ವಾಚಲ್ಲ. ಬೆಳಿಗ್ಗೆ ಎದ್ದು ಕೀ ಕೊಡುವ, ಕಿವಿಗಿಟ್ಟರೆ ಟಿಕ್‌ಟಿಕ್ ಎನ್ನುವ ವಾಚು. ಆಮೇಲೆ ಮೂರು ತಿಂಗಳು, ಮುಗಿಸಬೇಕಿದ್ದ ಅಧ್ಯಾಯವನ್ನು ಬದಿಗಿಟ್ಟು, ವಾಚುಗಳ ಬಗ್ಗೆ ಓದಿದೆ. ನನ್ನ ಮಾರ್ಗದರ್ಶಕರ ಕಣ್ಣಿಗೆ ಈ ಲೇಖನ ಬೀಳದಿರಲಿ.

ಕಡಿಮೆ ದುಡ್ಡಿಗೆ ಮೆಕ್ಯಾನಿಕಲ್ ವಾಚು ಕೊಳ್ಳಲು ಹೊರಟವರ ಮುಂದೆ ಇವತ್ತು ಬಂದು ನಿಲ್ಲುವುದು ಬಹುಪಾಲು ಹಳೆಯ ವೇಷ ಹಾಕಿದ ಹೊಸ ವಾಚುಗಳು. 'ವಿಂಟೇಜ್' ಎನ್ನುವುದು ಈ ಮಾರುಕಟ್ಟೆಯ ಮನೆದೇವರು. ಒಂದು ವಾಚು ಎರಡನೇ ಮಹಾಯುದ್ಧದ ಸಿಪಾಯಿಯ ವೇಷದಲ್ಲಿರುತ್ತದೆ, ಇನ್ನೊಂದು ಕಡಲ ತಳಕ್ಕೆ ಮುಳುಗುವವನ ವೇಷದಲ್ಲಿ, ಮತ್ತೊಂದು 1960ರ ಗುಮಾಸ್ತನ ವೇಷದಲ್ಲಿ. ಹಳೆಯದೆಂದರೆ ನನಗೆ ಸಿಟ್ಟಿಲ್ಲ. ಕಳೆದ ಶತಮಾನದ ಕನ್ನಡ ಆತ್ಮಕಥೆಗಳನ್ನು ಓದಿಕೊಂಡೇ ಪಿಎಚ್‌ಡಿ ಮಾಡುತ್ತಿರುವವಳು ನಾನು. ಆದರೆ ಈ ವೇಷದ ಮೇಲೆ ನನಗೊಂದು ಜಗಳವಿದೆ. ವಾಚು ಮಾಡುವವರ ಮೇಲೆ ಅಷ್ಟಿಲ್ಲ, ಅವರು ವ್ಯಾಪಾರಿಗಳು. ಅದನ್ನು ಕಟ್ಟಿಕೊಂಡು ಕಾಲ, ಪರಂಪರೆ, ಆತ್ಮ ಎಂದೆಲ್ಲ ಬರೆಯುವ ನಮ್ಮ ಓದುಬರಹದ ಜನರ ಮೇಲೆ ಜಾಸ್ತಿ.

ಮೊದಲು ವಾಚುಗಳನ್ನೇ ನೋಡೋಣ.

ಟೈಮೆಕ್ಸ್ ಮಾರ್ಲಿನ್ 1960ರ ದಶಕದಲ್ಲಿ ಅಮೆರಿಕದ ಸಾಮಾನ್ಯರು ಕಟ್ಟುತ್ತಿದ್ದ ಅಗ್ಗದ ವಾಚು. 2017ರಲ್ಲಿ ಕಂಪನಿ ಅದನ್ನೇ ಮತ್ತೆ ತಂದಿತು. ಅದೇ 34 ಮಿಲಿಮೀಟರ್ ಅಗಲ, ಅದೇ ಉಬ್ಬಿದ ಅಕ್ರಿಲಿಕ್ ಗಾಜು, ಅದೇ ವಿಚಿತ್ರ ಚೆಲುವಿನ ಅಂಕಿಗಳು. ಒಳಗೆ ಚೀನಾದ, ಕೈಯಿಂದ ಕೀ ಕೊಡುವ ಯಂತ್ರ. ಯಂತ್ರ ಚೀನಾದ್ದಾದರೆ ತಪ್ಪೇನಿಲ್ಲ, ಚೆನ್ನಾಗಿಯೇ ಓಡುತ್ತದೆ. ನನ್ನ ತಕರಾರು ಬೇರೆ. ಮೂಲ ಮಾರ್ಲಿನ್‌ನ ಹೆಗ್ಗಳಿಕೆಯೇ ಅಗ್ಗವಾಗಿದ್ದದ್ದು. ಮರುಹುಟ್ಟು ಪಡೆದದ್ದಕ್ಕೆ 2017ರಲ್ಲಿ 199 ಡಾಲರ್ ಇತ್ತು. ಅದೇ ಕಂಪನಿಯ ಸೆಲ್ ವಾಚು ಅದರ ಕಾಲು ಭಾಗಕ್ಕೆ ಸಿಗುತ್ತದೆ, ಅದಕ್ಕಿಂತ ಸರಿಯಾದ ಸಮಯವನ್ನೂ ತೋರಿಸುತ್ತದೆ. ಮುದ್ದೆ, ಬಸ್ಸಾರು ಬೆಂಗಳೂರಿನ ದೊಡ್ಡ ಹೋಟೆಲುಗಳ ಮೆನುವಿಗೆ ಹತ್ತಿದ ಹಾಗೆ ಇದು. ಬಡವರ ಮನೆಯ ವಸ್ತು ಬಡವರ ಮನೆಯಿಂದ ಪೂರ್ತಿ ಹೊರಗೆ ಹೋದ ಮೇಲೆ ಅದಕ್ಕೆ ರುಚಿ ಬರುತ್ತದೆ.

ಓರಿಯೆಂಟ್ ಬ್ಯಾಂಬಿನೊ ನನ್ನ ದುಡ್ಡಿಗೆ ಹತ್ತಿರ ಹತ್ತಿರ ಬರುವ ವಾಚು. ಜಪಾನಿನದು, ಯಂತ್ರ ಕಂಪನಿಯ ಸ್ವಂತದ್ದು. ಈಗ ಬರುವುದಕ್ಕೆ ಕೈಯಿಂದಲೂ ಕೀ ಕೊಡಬಹುದು, ಕೈ ಅಲುಗಾಟಕ್ಕೆ ತಾನಾಗಿಯೂ ಸುತ್ತಿಕೊಳ್ಳುತ್ತದೆ. ದಿನಕ್ಕೆ 25 ಸೆಕೆಂಡು ಮುಂದೆ ಅಥವಾ 15 ಸೆಕೆಂಡು ಹಿಂದೆ ಹೋಗಬಹುದು ಎಂದು ಕಂಪನಿಯೇ ಒಪ್ಪಿಕೊಳ್ಳುತ್ತದೆ. ಗುಮ್ಮಟದಂಥ ಗಾಜು, ಕೆನೆ ಬಣ್ಣದ ಡಯಲ್, ಸಣ್ಣ ಮುಳ್ಳುಗಳು. ನೋಡಿದರೆ ಯಾರದೋ ತಾತ ನಿವೃತ್ತಿಯ ದಿನ ಪಡೆದ ವಾಚಿನ ಹಾಗೆ. ಆದರೆ ಅದು ಯಾವ ತಾತನ ವಾಚಿನ ನಕಲೂ ಅಲ್ಲ. ಅಲ್ಲಿಂದ ಇಲ್ಲಿಂದ ಆರಿಸಿಕೊಂಡು ಒಂದು ಹಳೆಗಾಲವನ್ನು ಹೊಸದಾಗಿ ಕಟ್ಟಿದ್ದಾರೆ. ಅಗಲ 40.5 ಮಿಲಿಮೀಟರ್. ಆ ಕಾಲದ ಗಂಡಸರ ವಾಚುಗಳು 34, 35ರ ಆಸುಪಾಸಿನಲ್ಲಿರುತ್ತಿದ್ದವು. ಈಗಿನ ತೋಳುಗಳಿಗೆ ಭೂತಕಾಲವನ್ನೂ ಒಂದು ಸೈಜು ಹಿಗ್ಗಿಸಬೇಕಾಗಿದೆ. ನನ್ನ ಮಣಿಕಟ್ಟಿನ ಮೇಲೆ ಅದು ಕುಂಕುಮದ ತಟ್ಟೆ ಇಟ್ಟ ಹಾಗೆ ಕಂಡಿತು. ಆಮೇಲೆ 38ರದ್ದು ಬಂದಿದೆ, ಅದು ಪರವಾಗಿಲ್ಲ. ಬ್ಯಾಂಬಿನೊ ಬಗ್ಗೆ ನನಗೆ ಅಂಥ ಕೋಪವೇನೂ ಇಲ್ಲ. ಅದು ಸುಳ್ಳು ಹೇಳುವುದಿಲ್ಲ, ಕತೆ ಹೇಳುತ್ತದೆ.

ಸೀಗಲ್ 1963ರದ್ದು ಇದಕ್ಕಿಂತ ಕುತೂಹಲದ ಕತೆ. ಸ್ವಿಟ್ಜರ್‌ಲೆಂಡಿನ ವೀನಸ್ ಎಂಬ ಕಂಪನಿ ತನ್ನ 175 ಎಂಬ ಕ್ರೊನೊಗ್ರಾಫ್ ಯಂತ್ರವನ್ನು ತಯಾರಿಸುವ ಸಲಕರಣೆಗಳನ್ನೇ ಮಾರಿಬಿಟ್ಟಿತು. ಚೀನಾ 1961ರಲ್ಲಿ ಅವನ್ನು ಕೊಂಡು ತಿಯಾಂಜಿನ್‌ಗೆ ತಂದಿತು. ಅದರಿಂದ ತನ್ನ ವಾಯುಪಡೆಗೆ ಕೈಗಡಿಯಾರ ಮಾಡಿಸಿತು. ಇವತ್ತು ಸಿಗುವ ಮರುಮುದ್ರಣದ ಒಳಗೆ ಅದೇ ವಂಶದ ಯಂತ್ರವಿದೆ. ಗುಂಡಿ ಒತ್ತಿದರೆ ಓಡಿ, ನಿಂತು, ಸೊನ್ನೆಗೆ ಮರಳುವ ಮುಳ್ಳು. ಹಿಂಬದಿಯ ಗಾಜಿನಲ್ಲಿ ಸನ್ನೆಗಳೂ ಹಲ್ಲುಚಕ್ರಗಳೂ ಸರಿದಾಡುವುದು ಕಾಣುತ್ತದೆ. ಇಂಥ ಯಂತ್ರವಿರುವ ಸ್ವಿಸ್ ವಾಚುಗಳು ಲಕ್ಷಗಳ ಲೆಕ್ಕದಲ್ಲಿವೆ, ಇದು ಕೆಲವು ಸಾವಿರಗಳ ಲೆಕ್ಕದಲ್ಲಿ. ಹಳೆಯದರ ಜೊತೆ ನಿಜವಾದ ರಕ್ತಸಂಬಂಧವಿರುವ ವಾಚು ಇದು. ನಾನು ಕೊಳ್ಳಲಿಲ್ಲ. ಇಲ್ಲಿ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಅರ್ಧ ಲಕ್ಷದ ಆಸುಪಾಸಿನದು. ನನಗೆ ಎಟುಕುವುದಿಲ್ಲ, ಆದರೂ ಹೇಳಬೇಕು. ಏಕೆಂದರೆ ಇಡೀ ಜಗಳ ಅದರ ಮುಳ್ಳುಗಳ ಬಣ್ಣದಲ್ಲಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಈಗ ಸ್ವಿಸ್ ಒಡೆತನದಲ್ಲಿರುವ ಕಂಪನಿ ಅದು. ಅಮೆರಿಕದ ಸೈನಿಕರ ವಾಚಿನ ಮಾದರಿಯಲ್ಲಿ ಈ ವಾಚು ಮಾಡಿದೆ. ಕತ್ತಲಲ್ಲಿ ಹೊಳೆಯುವ ಅದರ ಬಣ್ಣ ಹಗಲಲ್ಲಿ ಬಿಳಿಯಾಗಿಲ್ಲ, ಹಸುರಾಗಿಲ್ಲ. ಹಳೆಯ ಕಾಗದದ ಹಾಗೆ, ಕಾಸಿದ ಹಾಲಿನ ಕೆನೆಯ ಹಾಗೆ ಹಳದಿಗೆ ತಿರುಗಿದೆ. ಕಾರ್ಖಾನೆಯಿಂದ ಬರುವಾಗಲೇ ಹಾಗೆ. ಇನ್ನೂ ಎಷ್ಟೋ ಕಂಪನಿಗಳು ಈ ಬಣ್ಣ ಹಚ್ಚುತ್ತವೆ. ಮೂವತ್ತು ನಲವತ್ತು ವರ್ಷ ಬಳಸಿದ ವಾಚಿನ ಮೇಲೆ ಬರುವ ಮಾಸಲನ್ನು ಮೊದಲ ದಿನವೇ ಬಳಿದು ಕೊಡುವುದು. ವಾಚಿನ ಶೋಕಿಯವರು ಇದಕ್ಕೆ ಇಂಗ್ಲಿಷಿನಲ್ಲಿ 'ಫೋಟಿನಾ'ದಂಥ ಒಂದು ಗೇಲಿ ಹೆಸರನ್ನೂ ಇಟ್ಟಿದ್ದಾರೆ. ಗೇಲಿ ಮಾಡುತ್ತಲೇ ಕೊಳ್ಳುತ್ತಾರೆ.

ಆ ಮಾಸಲು ಹಳದಿ ಎಲ್ಲಿಂದ ಬಂತು? ನಮ್ಮಲ್ಲಿ ನಂಬರ್ ಪ್ಲೇಟಿಗೆ, ಆಟೊದ ಹಿಂಭಾಗಕ್ಕೆ ಅಂಟಿಸುವ ಸ್ಟಿಕ್ಕರಿಗೆ ಇವತ್ತಿಗೂ 'ರೇಡಿಯಂ' ಎಂದೇ ಹೆಸರು. ಅದರಲ್ಲಿ ರೇಡಿಯಂ ಇಲ್ಲ. ಹಿಂದೆ ವಾಚುಗಳಲ್ಲಿ ನಿಜವಾಗಿಯೂ ಇತ್ತು. 1917ರಿಂದ ಮುಂದೆ ಅಮೆರಿಕದ ನ್ಯೂ ಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಹದಿಹರೆಯದ ಹುಡುಗಿಯರು ಡಯಲ್‌ಗಳ ಅಂಕಿಗಳಿಗೆ ರೇಡಿಯಂ ಬಣ್ಣ ತುಂಬುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟು ಎಳೆಯುವಂತೆ ಅವರಿಗೆ ಹೇಳಿಕೊಟ್ಟಿದ್ದರು. ಒಂದೊಂದು ಅಂಕಿಗೂ ಒಂದಿಷ್ಟು ರೇಡಿಯಂ ಹೊಟ್ಟೆಗೆ ಹೋಯಿತು. ಹಲ್ಲು ಉದುರಿದವು, ದವಡೆ ಕೊಳೆಯಿತು, ಹಲವರು ಸತ್ತರು. ಗ್ರೇಸ್ ಫ್ರೈಯರ್ ಮತ್ತು ಇತರ ನಾಲ್ವರು ಕೋರ್ಟಿಗೆ ಹೋದರು, 1928ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಆ ಬಣ್ಣ ವರ್ಷಗಳು ಕಳೆದಂತೆ ಹೊಳಪು ಕಳೆದುಕೊಂಡು ಕಂದುಹಳದಿಯಾಗುತ್ತದೆ. ಇವತ್ತಿನ ವಾಚಿನ ಬಣ್ಣ ನಿರಪಾಯದ್ದು, ಅದನ್ನು ಬೇಕೆಂದೇ ಆ ವಿಷದ ಮುಪ್ಪಿನ ಬಣ್ಣಕ್ಕೆ ತರುತ್ತಾರೆ. ಮಾರುವ ಮಾತಿನಲ್ಲಿ ಸಿಪಾಯಿ ಬರುತ್ತಾನೆ, ಪೈಲಟ್ ಬರುತ್ತಾನೆ, ಮುಳುಗುಗಾರ ಬರುತ್ತಾನೆ. ಆ ಹುಡುಗಿಯರು ಬರುವುದಿಲ್ಲ. ಹೆಣ್ಣಾಗಿ ಹುಟ್ಟಿ ಇಷ್ಟು ವಾಚುಗಳ ಜಾಹೀರಾತು ಓದಿದ ಮೇಲೆ ನನಗೆ ಅನ್ನಿಸಿದ್ದು, ಈ 'ಪರಂಪರೆ' ಗಂಡಸರ ಸಾಹಸದ ಡೈರಿ. ಅದನ್ನು ಜೋಡಿಸಿದ, ಬಣ್ಣ ಹಚ್ಚಿದ ಬೆರಳುಗಳಿಗೆ ಅದರಲ್ಲಿ ಪುಟವಿಲ್ಲ.

ಸೀಕೊ 5 ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಮುಂದೆ ಹೋಗುತ್ತೇನೆ. 1963ರಲ್ಲಿ ಶುರುವಾದ ಸಾಲು ಅದು. ಹೆಸರಿನ ಐದು ಎಂದರೆ ಐದು ಭರವಸೆ: ತಾನೇ ಸುತ್ತಿಕೊಳ್ಳುವುದು, ವಾರ ತಾರೀಕು ಒಂದೇ ಕಿಟಕಿಯಲ್ಲಿ ಕಾಣುವುದು, ನೀರು ತಡೆಯುವುದು, ಕೀ ಗುಂಡಿ ನಾಲ್ಕು ಗಂಟೆಯ ಕಡೆ ಒಳಗೆ ಸರಿದಿರುವುದು, ಕವಚ ಮತ್ತು ಪಟ್ಟಿ ಗಟ್ಟಿಯಾಗಿರುವುದು. ಇದರಲ್ಲಿ ಆತ್ಮದ ಮಾತಿಲ್ಲ, ಅಪ್ಪನಿಂದ ಮಗನಿಗೆ ಎಂಬ ಮಾತಿಲ್ಲ. ಸ್ಕೂಟರಿನ ಹಾಗೆ ಬಾಳುವ ವಾಚು. ಅದೂ 2019ರಲ್ಲಿ ಹೊಸ ವೇಷ ಹಾಕಿಕೊಂಡಿತು, ಬೆಲೆಯೂ ನನ್ನ 15 ಸಾವಿರವನ್ನು ದಾಟಿತು. ಹೊಸ ಯಂತ್ರಕ್ಕೆ ದಿನಕ್ಕೆ 45 ಸೆಕೆಂಡು ಮುಂದೆ, 35 ಸೆಕೆಂಡು ಹಿಂದೆ ಹೋಗಲು ಕಂಪನಿಯ ಪರವಾನಗಿ ಇದೆ. ಸಮಯ ನೋಡಲು ಯಾರೂ ಮೆಕ್ಯಾನಿಕಲ್ ವಾಚು ಕೊಳ್ಳುವುದಿಲ್ಲ ಎಂಬುದನ್ನು ಕಂಪನಿಗಳೂ ಬಲ್ಲವು. ಸೆಲ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಬ್ಯಾಂಬಿನೊದ ಯಂತ್ರ ಸೆಕೆಂಡಿಗೆ ಆರು ಸಲ ಮಿಡಿಯುತ್ತದೆ. ಯಾವುದು ಸರಿಯಾದ ಸಮಯ ಹೇಳುತ್ತದೆ ಎಂದು 1969ರಲ್ಲಿ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ ತಂದಾಗಲೇ ತೀರ್ಮಾನವಾಯಿತು.

ಇಷ್ಟು ಓದಿದ ಮೇಲೆ, ಕನ್ನಡದವಳಾಗಿ, ನಾನು ಬಂದು ನಿಂತದ್ದು ಎಚ್‌ಎಂಟಿಯ ಮುಂದೆ. ಬರಲೇಬೇಕಿತ್ತು.

1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಮಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡತೊಡಗಿತು. ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಜನತಾ, ಪೈಲಟ್, ಸೋನಾ, ಕಾಂಚನ್, ಕೋಹಿನೂರ್. ಆಮೇಲೆ ತುಮಕೂರಿನಲ್ಲಿ, ಶ್ರೀನಗರದಲ್ಲಿ, ರಾಣಿಬಾಗ್‌ನಲ್ಲಿ ಕಾರ್ಖಾನೆಗಳಾದವು. ಅಂಧರಿಗಾಗಿ ಬ್ರೈಲ್ ವಾಚು ಕೂಡ ಮಾಡಿದರು. 1980ರ ದಶಕದಲ್ಲಿ ಹೊಸೂರಿನ ಟೈಟಾನ್ ಕ್ವಾರ್ಟ್ಜ್ ಹಿಡಿದುಕೊಂಡು ಬಂತು, ಎಚ್‌ಎಂಟಿ ಹಿಂದೆ ಬಿತ್ತು. 2014ರಲ್ಲಿ ಮುಚ್ಚುತ್ತಾರೆಂಬ ಸುದ್ದಿ ಬಂದಾಗ ಅದುವರೆಗೆ ಯಾರೂ ತಿರುಗಿ ನೋಡದ ವಾಚಿಗೆ ಜನ ಮುಗಿಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೊ ಕೈಯಲ್ಲಿದೆ. ಜಾಲಹಳ್ಳಿಯಲ್ಲಿ ಒಂದು ಮ್ಯೂಸಿಯಂ ಇದೆ.

ಇದರ ಮೇಲೆ ಎಷ್ಟು ಕಣ್ಣೀರಿನ ಬರಹ ಬಂದಿದೆ ಎಂದು ಓದುಗರಿಗೆ ಗೊತ್ತು. ಅಪ್ಪನ ಕೈಯ ಎಚ್‌ಎಂಟಿ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಎಚ್‌ಎಂಟಿ, ಕೀ ಕೊಡುವಾಗ ಕೇಳಿಸಿದ ಹಳೆಯ ಕಾಲ. ನಾನೂ ಅಂಥದೊಂದು ಬರೆಯಬಹುದಿತ್ತು, ಒಂದು ಅಡಚಣೆ ಇಲ್ಲದಿದ್ದರೆ. ನನ್ನ ಅಜ್ಜನ ಕೈಯಲ್ಲಿ ವಾಚಿರಲಿಲ್ಲ. ಅವನ ಅಪ್ಪನ ಕೈಯಲ್ಲೂ ಇರಲಿಲ್ಲ. ಶಿರಾ ಕಡೆಯ ನಮ್ಮೂರಿನಲ್ಲಿ ಕೂಲಿಗೆ ಹೋಗುವವರಿಗೆ ಹೊತ್ತು ಗೊತ್ತಾಗುತ್ತಿದ್ದದ್ದು ನೆರಳಿನಿಂದ, ಬೆಳಗಿನ ಬಸ್ಸಿನಿಂದ. ಮೇಲುಗಡೆ ಬೀದಿಯ ಒಂದು ಮನೆಯ ರೇಡಿಯೊ ಗಟ್ಟಿಯಾಗಿ ಇಟ್ಟ ದಿನ ವಾರ್ತೆಯಿಂದ. ಪೆಟ್ಟಿಗೆಯಲ್ಲಿ ವಾಚು ಸಿಗಬೇಕಾದರೆ ಮೊದಲು ಪೆಟ್ಟಿಗೆ ಇರಬೇಕು. 'ವಿಂಟೇಜ್' ಎಂಬ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆ ಎಂದರೆ, ಎಲ್ಲರಿಗೂ ಹಿಂದಿನಿಂದ ಬಂದದ್ದು ಏನಾದರೂ ಇದ್ದೇ ಇದೆ ಎಂದುಕೊಂಡಿದ್ದಾರೆ. ಇಲ್ಲದವರಿಗೆ 199 ಡಾಲರಿಗೆ ಒಂದು ಮಾರಿದರು.

ನಮ್ಮ ಮನೆಗೆ ಬಂದ ಮೊದಲ ವಾಚು ನನ್ನ ಸೋದರಮಾವನದು. ತಾಲ್ಲೂಕು ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿದ ಮೇಲೆ, 1979ರಲ್ಲಿ, ಅವರು ಕಂತಿನ ಮೇಲೆ ಒಂದು ಜನತಾ ಕೊಂಡರು. ಊರಿನ ಗೌಡರು ಅವರನ್ನು ಮೊದಲಿನ ಹಾಗೆಯೇ "ಲೋ" ಎಂದೇ ಕರೆಯುತ್ತಿದ್ದರು. ಆದರೆ ಈಗ "ಲೋ, ಟೈಮೆಷ್ಟಲಾ?" ಎಂದು ಕೇಳಬೇಕಾಯಿತು. ಮಾವ ಬೇಕಂತಲೇ ತೋಳು ಮಡಚಿ, ಅಂಗಿಯ ಕೈ ಸರಿಸಿ, ನಿಧಾನವಾಗಿ ನೋಡಿ, ಆಮೇಲೆ ಹೇಳುತ್ತಿದ್ದರಂತೆ. ಗೌಡರು ಅಷ್ಟು ಹೊತ್ತೂ ಕಾಯಬೇಕು. ಈ ಕತೆಯನ್ನು ಮಾವ ನಮಗೆ ಹೇಳುವಾಗಲೆಲ್ಲ ಅಂಗಿಯ ಕೈ ಸರಿಸುವ ಭಾಗವನ್ನು ಮಾಡಿ ತೋರಿಸುತ್ತಾರೆ, ಈಗ ಅವರು ತೊಡುವುದು ಅರ್ಧತೋಳಿನ ಅಂಗಿಯಾದರೂ.

ಆ ಜನತಾದ ಯಂತ್ರದಲ್ಲಿ 17 ಕಲ್ಲುಗಳು. ಸೆಕೆಂಡಿಗೆ ಐದು ಮಿಡಿತ. ಡಯಲ್ ಮೇಲೆ 'ಪ್ಯಾರಾ ಶಾಕ್' ಎಂಬ ಬರಹ. ಕೆಳಗೆ ಬಿದ್ದರೆ ಬ್ಯಾಲೆನ್ಸ್ ವೀಲಿನ ಅಚ್ಚು ಮುರಿಯದಂತೆ ಸಿಟಿಜನ್ ಮಾಡಿದ್ದ ಏರ್ಪಾಡಿನ ಹೆಸರು ಅದು. ಮಾವನ ಪಾಲಿಗೆ ಅದರಲ್ಲಿ ಹಳೆಯದೆಂಬುದು ಒಂದು ಚೂರೂ ಇರಲಿಲ್ಲ. ಅವರ ಬದುಕಿನ ಅತ್ಯಂತ ಹೊಸ ವಸ್ತು ಅದು. ಸರ್ಕಾರಿ ಕಾರ್ಖಾನೆಯೊಂದು ಯಂತ್ರವನ್ನೂ ಸಮಯವನ್ನೂ ಇಂಥವರಿಗೆ ಮಾತ್ರ ಎನ್ನದೆ ಮಾಡಿ ಮಾರಿತು, ಇವರು ಕೊಂಡರು. ಅದನ್ನು ಇವತ್ತು ಕಳೆದುಹೋದ ನಿಧಾನಗಾಲದ ಗುರುತು ಎಂದು ಬರೆಯುವವರು ಯಾರ ಕೈ ನೋಡಿ ಬರೆಯುತ್ತಿದ್ದಾರೆ? ಮಾವನಿಗೆ ನಿಧಾನ ಬೇಕಿರಲಿಲ್ಲ. ಹತ್ತು ಗಂಟೆಗೆ ಕಚೇರಿಯ ಬಾಗಿಲು ತೆಗೆಯಬೇಕಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಕಹಿಯಾದರೂ. ಅಪ್ಪನ ಎಚ್‌ಎಂಟಿ ಎಂದು ಕರಗುವವರು ಒಮ್ಮೆ ಅಮ್ಮನನ್ನು ಕೇಳಲಿ, ಅದು ಮನೆಗೆ ಹೇಗೆ ಬಂತೆಂದು. ಆ ಕಾಲದ ಎಷ್ಟೋ ವಾಚುಗಳು ವರದಕ್ಷಿಣೆಯ ಪಟ್ಟಿಯಲ್ಲಿ ಬಂದವು. ವಾಚು, ಉಂಗುರ, ಸೂಟು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನನ್ನ ಅತ್ತೆಯ ಅಪ್ಪ ಎರಡು ಮೇಕೆ ಮಾರಿದ್ದು ಇನ್ನೊಬ್ಬ ಅಳಿಯನ ವಾಚಿಗಾಗಿ. ಟಿಕ್‌ಟಿಕ್ ಸದ್ದಿನಲ್ಲಿ ಹಳೆಯ ಕಾಲ ಕೇಳಿಸುವುದಾದರೆ ಮೇಕೆಯ ಕೂಗೂ ಕೇಳಿಸಬೇಕು.

ಈಗ ನನ್ನದೇ ದಡ್ಡತನಕ್ಕೆ ಬರುತ್ತೇನೆ. ಇಷ್ಟೆಲ್ಲ ಜ್ಞಾನ ಸಂಪಾದಿಸಿದ ನಾನು ಕೊನೆಗೆ ಕೊಂಡದ್ದು ಆನ್‌ಲೈನಿನಲ್ಲಿ ಒಂದು ಹಳೆಯ ಎಚ್‌ಎಂಟಿ ಪೈಲಟ್. ಎರಡೂವರೆ ಸಾವಿರ ರೂಪಾಯಿ. ಫೋಟೊದಲ್ಲಿ ಕಪ್ಪು ಡಯಲ್ ಫಳಫಳ ಹೊಳೆಯುತ್ತಿತ್ತು. ಬಂದ ಮೇಲೆ ನೋಡಿದರೆ ಅಂಕಿಗಳು ಕೊಂಚ ದಪ್ಪ, ಒಂದು ಅಕ್ಷರ ಓರೆ, ಏಳರ ಅಂಚಿನಲ್ಲಿ ಬಣ್ಣ ಚೆಲ್ಲಿದೆ. ವಾಚಿನ ಶೋಕಿಯವರ ಭಾಷೆಯಲ್ಲಿ ಇದು 'ಮುಂಬೈ ಸ್ಪೆಷಲ್'. ಹಳೆಯ ಎಚ್‌ಎಂಟಿ, ಸಿಟಿಜನ್, ಸೀಕೊ ಮುಂತಾದವುಗಳ ಬಿಡಿಭಾಗಗಳನ್ನು ಕೂಡಿಸಿ, ಡಯಲ್‌ಗೆ ಹೊಸ ಬಣ್ಣ ಹೊಡೆದು ಮಾರುವ ವಾಚುಗಳು. ಲೋಕದ ಎಲ್ಲ ಸಂಗ್ರಾಹಕರೂ ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನೂ ಮುರಿದೆ, ಮೋಸ ಹೋದೆನೆಂದು ಎರಡು ದಿನ ಕುದ್ದೆ.

ಮೈಸೂರಿನ ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿ ಒಬ್ಬರು ವಾಚ್ ರಿಪೇರಿಯವರಿದ್ದಾರೆ. ಮೆಟ್ಟಿಲ ಕೆಳಗೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು. ದಿನವಿಡೀ ಅವರು ಮಾಡುವುದು ಸೆಲ್ ಬದಲಿಸುವುದು, ಬೆಲ್ಟ್ ಹಾಕುವುದು. ಕೀ ಕೊಡುವ ವಾಚನ್ನು ಬೆಳಿಗ್ಗೆ ಹನ್ನೊಂದರೊಳಗೆ ತಂದರೆ ಮಾತ್ರ ಬಿಚ್ಚುತ್ತಾರೆ, ಆಮೇಲೆ ಅಲ್ಲಿಗೆ ಬೆಳಕು ಬರುವುದಿಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂಬದಿ ತಿರುಗಿಸಿ ತೆಗೆದು ನೋಡಿದರು.

"ಎಷ್ಟ್ ಕೊಟ್ಟೆ ತಾಯಿ?"

ಹೇಳಿದೆ.

"ಯಂತ್ರ ಚೆನ್ನಾಗದೆ. ಮುಖ ಮಾತ್ರ ಹೊಸಾದು ಬರೆಸವ್ರೆ. ಅದಕ್ಯಾಕೆ ಮುಖ ಇಳಿಬುಟ್ಟಿದ್ದೀ?"

ಮೂಲ ಡಯಲ್ ಅಲ್ಲವಲ್ಲ, ಮೋಸವಲ್ಲವೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಂದರೆ, ನನ್ನ ಮಾತು ಅರ್ಥವಾಯಿತು, ನನ್ನ ದುಃಖ ಅರ್ಥವಾಗಲಿಲ್ಲ. ಹಿಂದೆ ಸರ್ವಿಸಿಗೆ ಬಂದ ವಾಚುಗಳಲ್ಲಿ ಡಯಲ್ ಮಾಸಿದ್ದರೆ ಹೊಸ ಬಣ್ಣ ಹಾಕಿಸಿ ಎಂದು ಗಿರಾಕಿಯೇ ಹೇಳುತ್ತಿದ್ದರಂತೆ. ಮದುವೆಗೆ ಮೊದಲು, ದಸರಾಕ್ಕೆ ಮೊದಲು. ಗೋಡೆಗೆ ಸುಣ್ಣ ಬಳಿಯುತ್ತಾರಲ್ಲ, ಹಾಗೆ. ಮಾಸಿದ ಡಯಲನ್ನು ಹಾಗೇ ಬಿಡಿ ಎಂದು ಕೇಳಿದ ಮೊದಲ ಗಿರಾಕಿ ಬಂದದ್ದು ಎಂಟು ಹತ್ತು ವರ್ಷದ ಹಿಂದೆಯಷ್ಟೆ, ಕಾರಿನಲ್ಲಿ.

ಆ ಸ್ಟೂಲಿನ ಮೇಲೆ ಕೂತು ನನಗೆ ನಾಚಿಕೆಯಾಯಿತು. ಹಳೆಯ ವಾಚಿಗೆ ಹೊಸ ಮುಖ ಬರೆಯುವುದು ನಮ್ಮಲ್ಲಿ ರಿಪೇರಿಯ ಒಂದು ಭಾಗವಾಗಿತ್ತು. ವಾಚು ಒಂದೇ ಇದ್ದ ಮನೆಗಳವರು ಅದು ಹೊಸದಾಗಿ ಕಾಣಲಿ ಎಂದು ಬಯಸಿದರು. ಆ ಬಯಕೆಯನ್ನೇ ಬಂಡವಾಳ ಮಾಡಿಕೊಂಡು ಕೆಲವರು ಮೂಲದ್ದೆಂದು ಸುಳ್ಳು ಹೇಳಿ ಮಾರುತ್ತಾರೆ, ಅದು ಮೋಸವೇ, ನನಗೆ ಮಾರಿದವನದೂ ಮೋಸವೇ. ಆದರೆ ಆ ಓರೆ ಅಕ್ಷರ ಬರೆದ ಕೈಯನ್ನು ಹೀಯಾಳಿಸುವ ಸಂಗ್ರಾಹಕನೇ, ಹೊಸ ವಾಚಿಗೆ ಕಾರ್ಖಾನೆಯಲ್ಲಿ ಬಳಿದ ಸುಳ್ಳು ಮಾಸಲಿಗೆ ಹತ್ತು ಪಟ್ಟು ಕೊಟ್ಟು ಬರುತ್ತಾನೆ. ಹಳೆಯದನ್ನು ಹೊಸದಾಗಿ ತೋರಿಸಿದರೆ ಅದು ಕೀಳು ಅಭಿರುಚಿ, ಹೊಸದನ್ನು ಹಳೆಯದಾಗಿ ತೋರಿಸಿದರೆ ಮೇಲು ಅಭಿರುಚಿ. ಇದನ್ನು ನಿಶ್ಚಯಿಸಿದವರು ಯಾರು ಎಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ಬಟ್ಟೆ, ಹೊಸ ಮನೆ, ಹೊಸ ಹೆಸರು ಬಯಸಿದವರನ್ನು ಕಂಡು ನಕ್ಕು, ಅವರು ಬಿಟ್ಟುಬಂದ ಗುಡಿಸಲನ್ನು ಹೊಗಳಿ ಬರೆದ ಪುಟಗಳು ನಮ್ಮಲ್ಲಿ ಬೇಕಾದಷ್ಟಿವೆ.

ಗೆಳೆಯನೊಬ್ಬ ಈ ಲೇಖನದ ಕರಡು ಓದಿ, "ಚಂದ ಕಾಣುತ್ತೆ, ಕೊಳ್ತಾರೆ ಬಿಡೇ. ಯಾರಿಗೇನು ನಷ್ಟ?" ಎಂದ. ನ್ಯಾಯವಾದ ಪ್ರಶ್ನೆ. ಚಂದವನ್ನು ನಾನು ಕಡೆಗಣಿಸುವುದಿಲ್ಲ. ಕೀ ಕೊಡುವಾಗ ಬೆರಳ ತುದಿಗೆ ತಾಗುವ ಆ ಸಣ್ಣ ಕಿರಿಕಿರಿ, ಸ್ಪ್ರಿಂಗ್ ತುಂಬಿದಾಗ ಅದು ಸಾಕೆಂದು ನಿಲ್ಲುವುದು, ನನಗೂ ದಿನದ ಮೊದಲ ಸುಖ ಅದೇ. ನಷ್ಟ ಆಗುತ್ತಿರುವುದು ಮೆಟ್ಟಿಲ ಕೆಳಗಿನ ಆ ಸ್ಟೂಲಿಗೆ. ಮೆಕ್ಯಾನಿಕಲ್ ವಾಚು ತಲೆಮಾರುಗಳ ಕಾಲ ಬಾಳುತ್ತದೆ ಎಂದು ಮಾರುತ್ತಾರೆ. ಹೌದು, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕುವವರು ಇದ್ದರೆ. ಈಗ ಸಾಮಾನ್ಯ ಜಪಾನಿ ಯಂತ್ರ ಕೆಟ್ಟರೆ ಅನೇಕ ಕಡೆ ಇಡೀ ಯಂತ್ರವನ್ನೇ ತೆಗೆದು ಹೊಸದನ್ನು ಕೂರಿಸುತ್ತಾರೆ, ತೊಳೆಯುವ ಕೂಲಿಗಿಂತ ಅದೇ ಅಗ್ಗ. ಹಳೆಯದು ಕಸಕ್ಕೆ. ಅಂದರೆ ತಲೆಮಾರು ಬಾಳುವುದು ಮುಖ, ಬದಲಾಗುವುದು ಹೊಟ್ಟೆ. ನಾವು ಕರಕುಶಲತೆ ಎಂದು ಹಾಡಿ ಹೊಗಳುವ ವಸ್ತುವಿಗೆ ದುಡ್ಡು ಸುರಿಯುತ್ತೇವೆ, ಆ ಕುಶಲತೆ ನಿಜವಾಗಿ ಇರುವ ಕೈಗೆ ಸೆಲ್ ಬದಲಿಸಿ ಐವತ್ತೋ ನೂರೋ ತೆಗೆದುಕೊ ಎನ್ನುತ್ತೇವೆ. ನನ್ನ ಪೈಲಟನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ್ದಕ್ಕೆ ಅವರು ಕೇಳಿದ್ದು 450 ರೂಪಾಯಿ. ಎರಡು ಬೆಳಗಿನ ಕೆಲಸ.

ಹಾಗಾದರೆ ಏನು ಕೊಳ್ಳಬೇಕು ಎಂದರೆ, ನನ್ನ ಸಲಹೆ ಬಹಳ ನೀರಸವಾದದ್ದು. ಮೊದಲು ನಿಮ್ಮ ಊರಿನಲ್ಲಿ ವಾಚು ಬಿಚ್ಚಿ ಜೋಡಿಸಬಲ್ಲವರು ಯಾರಿದ್ದಾರೆ ಹುಡುಕಿ. ಅವರನ್ನು ಕೇಳಿ, ಅವರಿಗೆ ಯಾವ ಯಂತ್ರ ಗೊತ್ತು, ಯಾವುದರ ಬಿಡಿಭಾಗ ಅವರ ಡಬ್ಬಿಯಲ್ಲಿದೆ. ಅದನ್ನೇ ಕೊಳ್ಳಿ. ಅದು ಚಂದ ಕಾಣದಿರಬಹುದು. ನನ್ನ ರಿಪೇರಿಯವರ ಡಬ್ಬಿಯಲ್ಲಿ ಇರುವುದು ಎಚ್‌ಎಂಟಿಯದು, ಹಳೆಯ ಸೀಕೊ, ಸಿಟಿಜನ್‌ನವು. ನನ್ನ ಮಟ್ಟಿಗೆ ಪಟ್ಟಿ ಅಲ್ಲಿಗೆ ಮುಗಿಯಿತು. ಉಳಿದ 12 ಸಾವಿರ ಚಿಲ್ಲರೆ ಆಮೇಲೆ ಪುಸ್ತಕಕ್ಕೇ ಹೋಯಿತು.

ದೀಪಾವಳಿಗೆ ಊರಿಗೆ ಹೋದಾಗ ಮಾವನ ಜನತಾವನ್ನು ಕೇಳಿ ಪಡೆದುಕೊಂಡು ಬಂದೆ. ನಿಂತು ಹದಿನಾಲ್ಕು ವರ್ಷವಾಗಿತ್ತು. ಬಿಳಿ ಡಯಲ್ ಜೇನಿನ ಬಣ್ಣಕ್ಕೆ ತಿರುಗಿತ್ತು, ಒಂಬತ್ತರ ಹತ್ತಿರ ಬೆವರಿನ ಕಲೆ, ಮುಳ್ಳಿನ ಬುಡದಲ್ಲಿ ತುಕ್ಕಿನ ಒಂದು ಚುಕ್ಕೆ. ಕಂಪನಿಗಳು ಲಕ್ಷಗಟ್ಟಲೆ ಖರ್ಚು ಮಾಡಿ ನಕಲು ಮಾಡುವ ಮಾಸಲು ಇದು, ಅಸಲಿನದು. ಯಂತ್ರ ಮಾತ್ರ ಓಡಿಸಿ, ಮುಖ ಮುಟ್ಟಬೇಡಿ ಎಂದು ಹೇಳಬೇಕೆಂದುಕೊಂಡೇ ಓಣಿಗೆ ಹೋದೆ. ರಿಪೇರಿಯವರು ಹಿಂಬದಿ ತೆಗೆದು, ಊದಿ, ಬ್ಯಾಲೆನ್ಸ್ ವೀಲನ್ನು ಚಿಮುಟದ ತುದಿಯಿಂದ ಮುಟ್ಟಿದರು. ಅದು ನಾಲ್ಕು ಸಲ ಅಲುಗಿ ನಿಂತಿತು.

"ಓಡ್ತದೆ. ಡಯಲ್ ಏನ್ ಮಾಡನ?"

ಹೊರಗೆ ಬಂದು ಮಾವನಿಗೆ ಫೋನ್ ಮಾಡಿದೆ. ಹಾಗೇ ಇರಲಿ ಮಾವ, ಈಗ ಇದಕ್ಕೇ ಬೆಲೆ, ಎಂದು ಶುರುಮಾಡಿದೆ.

"ಥೂ, ಆ ಕೊಳೆ ಮುಖ ಇಟ್ಕಂಡು ಏನ್ ಮಾಡನವ್ವ? ಹೊಸಾದ್ ಹಾಕ್ಸು. ಮೊಮ್ಮಗಳ ಮದ್ವೆಗೆ ಕಟ್ಕಬೇಕು ನಾನು. ತಕ್ಕಂಡಾಗ ಹೆಂಗಿತ್ತೋ ಹಂಗೇ ಬೆಳ್ಳಗಿರ್ಬೇಕು, ನೋಡು."

ಒಳಗೆ ಹೋಗಿ ಹೇಳಿದೆ. ಅವರು ಒಂದು ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ 'ಜನತಾ, ಬಿಳಿ' ಎಂದು ಬರೆದು, ಡಯಲನ್ನು ಬಿಚ್ಚಿ ಅದರೊಳಗೆ ಹಾಕಿ ಮಡಚಿದರು. ಬೆಂಗಳೂರಿಗೆ ಕಳಿಸಬೇಕು, ಹದಿನೈದು ದಿನ ಆಗುತ್ತದೆ, ಇನ್ನೂರು ಮುಂಗಡ ಎಂದರು.